ನಮ್ಮೂರ ನೆಲಮಾಳಿಗೆ ಅಟ್ಟದ ಮೇಲಿದೆ

ಮಕ್ಕಳೇ, ಒಂದು ಸಣ್ಣ ಲೆಕ್ಕದಿಂದ ಸುರು ಮಾಡುವ. ಎಪ್ರಿಲ್ ಕೊನೆಯಲ್ಲಿ ಗದ್ದೆಯಿಂದ 60 ಸೌತೆಕಾಯಿ ಮನೆಗೆ ಬಂತು. ಅಡುಗೆಗೆ ವಾರಕ್ಕೆ 3 ಬೇಕು. ಹಾಗಾದರೆ ಎಷ್ಟು ವಾರಕ್ಕೆ ಸಾಕು? 20 ವಾರಕ್ಕೆ. ಅಂದರೆ ಮಳೆಗಾಲ ಪೂರ್ತಿ ಕಳೆದು ಹೆಚ್ಚುಕಡಿಮೆ ಚೌತಿ ಹಬ್ಬದವರೆಗೆ. ಉತ್ತರ ಸರಿ, ಹತ್ತಕ್ಕೆ ಹತ್ತು ಅಂಕ.

ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಫ್ರಿಜ್ ಇಲ್ಲದ ಮನೆಯಲ್ಲಿ ಇಪ್ಪತ್ತನೇ ವಾರದ ಸೌತೆಕಾಯಿ ಕೊಳೆಯದೆ ಉಳಿಯುವುದು ಹೇಗೆ? ಇದನ್ನು ಕಾಗದದ ಮೇಲೆ ಬಿಡಿಸಲು ಬರುವುದಿಲ್ಲ. ನಮ್ಮ ಹಿರಿಯರು ಇದನ್ನು ಮನೆಯ ಮಾಡಿನ ಕೆಳಗೆ, ಕೊಟ್ಟಿಗೆಯ ನೆಲದೊಳಗೆ, ಭರಣಿಯ ಉಪ್ಪುನೀರಿನಲ್ಲಿ ಬಿಡಿಸಿ ಇಟ್ಟಿದ್ದರು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹಳೆಯ ಮನೆಗಳಲ್ಲಿ ಈಗಲೂ ಆ ಉತ್ತರ ಅಲ್ಲಲ್ಲಿ ನೇತಾಡುತ್ತಿರುತ್ತದೆ. ನೀವು ತಲೆ ಎತ್ತಿ ನೋಡಬೇಕು, ಅಷ್ಟೆ.

ಅಗೆಯುವ ಆಸೆ

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ಈಗ ಬಂಟ್ವಾಳ ತಾಲೂಕಿನ ನಮ್ಮ ಮನೆಯಲ್ಲಿ ಸ್ವಲ್ಪ ತೋಟ, ಸ್ವಲ್ಪ ತರಕಾರಿ. ಕಳೆದ ಕ್ರಿಸ್ಮಸ್ ರಜೆಯಲ್ಲಿ ಏಳನೇ ತರಗತಿಯ ಮೊಮ್ಮಗಳು ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದಳು. ಯಾವುದೋ ತಂಪು ದೇಶ. ಗುಡ್ಡದ ಬದಿಯಲ್ಲಿ ಒಂದು ಪುಟ್ಟ ಬಾಗಿಲು. ಒಳಗೆ ಹೋದರೆ ನೆಲದಡಿಯ ಕೋಣೆ, ಸುತ್ತ ಕಲ್ಲಿನ ಗೋಡೆ, ಮರದ ಹಲಗೆಗಳ ತುಂಬ ಬಟಾಟೆ, ಕ್ಯಾರೆಟ್, ಕ್ಯಾಬೇಜು. ಹೊರಗೆ ಮೊಣಕಾಲುದ್ದ ಹಿಮ.

“ಅಜ್ಜ, ನಮ್ಮ ಹಿತ್ತಿಲಲ್ಲೂ ಒಂದು ಅಗೆಯುವ!” ಎಂದಳು. ಹಾರೆ ಹುಡುಕಲು ಹೊರಟೂ ಬಿಟ್ಟಳು.

ಅವಳ ಆಸೆ ತಪ್ಪಲ್ಲ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಎಂಬ ದ್ವೀಪದಲ್ಲಿ ಎಲಿಸ್ಟನ್ ಎನ್ನುವ ಚಿಕ್ಕ ಊರು ಇದೆ. ಅಲ್ಲಿ ಇಂಥ ನೆಲಮಾಳಿಗೆಗಳು ನೂರಕ್ಕೂ ಹೆಚ್ಚು. ಜಗತ್ತಿನ ನೆಲಮಾಳಿಗೆಗಳ ರಾಜಧಾನಿ ಎಂದೇ ಆ ಊರು ತನ್ನನ್ನು ಕರೆದುಕೊಳ್ಳುತ್ತದೆ. ಅಲ್ಲಿ ಮಣ್ಣು ಎರಡು ಕೆಲಸ ಮಾಡುತ್ತದೆ: ಚಳಿಗಾಲದಲ್ಲಿ ತರಕಾರಿ ಹೆಪ್ಪುಗಟ್ಟಿ ಹಾಳಾಗದಂತೆ ಕಾಯುತ್ತದೆ, ಬೇಸಿಗೆಯಲ್ಲಿ ಬಿಸಿ ತಾಗದಂತೆ ತಡೆಯುತ್ತದೆ. ನಮ್ಮ ದೇಶದ ಲಡಾಖ್‌ನಲ್ಲಿಯೂ ಜನ ಚಳಿಗಾಲಕ್ಕೆ ಮೊದಲು ಬಟಾಟೆ, ಮೂಲಂಗಿಗಳನ್ನು ಗುಂಡಿ ತೋಡಿ ಮುಚ್ಚಿಡುತ್ತಾರೆ.

ಹಾಗಾದರೆ ನಮ್ಮ ಹಿರಿಯರು ಯಾಕೆ ಹೀಗೆ ಮಾಡಲಿಲ್ಲ? ಅವರಿಗೆ ಅಗೆಯಲು ಬಾರದೆ ಅಲ್ಲ. ಬಂಟ್ವಾಳ ತಾಲೂಕಿನ ಮಾಣಿಲದಂಥ ಊರುಗಳಲ್ಲಿ ಗುಡ್ಡದ ಹೊಟ್ಟೆಯೊಳಗೆ ಉದ್ದುದ್ದ ಸುರಂಗ ಕೊರೆದು ನೀರು ತಂದವರು ಇದ್ದಾರೆ. ಅಂಥವರ ಕೈಗೆ ಒಂದು ತರಕಾರಿ ಕೋಣೆ ಯಾವ ದೊಡ್ಡ ಕೆಲಸ? “ಮೊದಲು ಮಣ್ಣನ್ನು ಎರಡು ಪ್ರಶ್ನೆ ಕೇಳುವ, ಆಮೇಲೆ ಹಾರೆ ಹಿಡಿಯುವ” ಎಂದು ಮೊಮ್ಮಗಳನ್ನು ನಿಲ್ಲಿಸಿದೆ.

ಮೊದಲ ಪ್ರಶ್ನೆ: ನೀನು ಎಷ್ಟು ತಂಪು?

ಇದಕ್ಕೆ ಉತ್ತರ ಹೇಳುವುದು ಬಾವಿ. ಡಿಸೆಂಬರಿನ ಚಳಿಯ ಬೆಳಿಗ್ಗೆ ಬಾವಿಯ ನೀರು ಸೇದಿ ಮುಖಕ್ಕೆ ಹಾಕಿಕೊಂಡರೆ ಬೆಚ್ಚಗೆ ಅನಿಸುತ್ತದೆ. ಎಪ್ರಿಲಿನ ಮಧ್ಯಾಹ್ನ ಅದೇ ನೀರು ತಣ್ಣಗೆ. ನೀರು ಬದಲಾಯಿತೇ? ಇಲ್ಲ, ಬದಲಾದದ್ದು ಹೊರಗಿನ ಗಾಳಿ. ನೆಲದಲ್ಲಿ ಕೆಲವು ಮೀಟರು ಕೆಳಗೆ ಹೋದರೆ ಬೇಸಿಗೆ, ಚಳಿಗಾಲದ ಏರಿಳಿತ ತಲುಪುವುದಿಲ್ಲ. ವರ್ಷವಿಡೀ ಗಾಳಿಯ ಉಷ್ಣಾಂಶದ ಸರಾಸರಿ ಎಷ್ಟೋ ಹೆಚ್ಚುಕಡಿಮೆ ಅಷ್ಟೇ ಅಲ್ಲಿ ಇರುತ್ತದೆ. ತಂಪು ದೇಶದಲ್ಲಿ ಆ ಸರಾಸರಿ 10 ಡಿಗ್ರಿಗಿಂತಲೂ ಕೆಳಗಿರಬಹುದು. ನಮ್ಮ ಕರಾವಳಿಯಲ್ಲಿ ಅದು ಸುಮಾರು 27 ಡಿಗ್ರಿ ಸೆಲ್ಸಿಯಸ್.

ಈಗ ತರಕಾರಿಯ ಕಡೆ ಬನ್ನಿ. ಬಳ್ಳಿಯಿಂದ ಕೊಯ್ದ ಮೇಲೆಯೂ ಕಾಯಿ ಸತ್ತಿಲ್ಲ, ಉಸಿರಾಡುತ್ತಾ ಇರುತ್ತದೆ. ತನ್ನೊಳಗಿನ ಸಕ್ಕರೆಯನ್ನು ಸುಟ್ಟು, ನೀರಾವಿಯನ್ನೂ ಇಂಗಾಲದ ಡೈಆಕ್ಸೈಡನ್ನೂ ಹೊರಗೆ ಬಿಡುತ್ತದೆ. 10 ಡಿಗ್ರಿ ಬಿಸಿ ಹೆಚ್ಚಾದರೆ ಈ ಉಸಿರಾಟ ಎರಡು ಮೂರು ಪಟ್ಟು ಜೋರಾಗುತ್ತದೆ. ಕ್ಯಾರೆಟ್ ತಿಂಗಳುಗಟ್ಟಲೆ ಬಾಡದೆ ಇರಬೇಕಾದರೆ ಅದಕ್ಕೆ ಸೊನ್ನೆ ಡಿಗ್ರಿಯ ಹತ್ತಿರದ ತಂಪು ಬೇಕು. 27 ಡಿಗ್ರಿಯ ಕತ್ತಲೆ ಕೋಣೆಯಲ್ಲಿ ಇಟ್ಟರೆ ಅದು ಬೇಗ ಬೇರು ಬಿಟ್ಟೀತು, ಇಲ್ಲವೇ ಕೊಳೆತೀತು.

ಎರಡನೇ ಪ್ರಶ್ನೆ: ನಿನ್ನೊಳಗೆ ನೀರು ಎಲ್ಲಿಯವರೆಗೆ ಬರುತ್ತದೆ?

ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಅಂದರೆ ಹರಿಯದೆ, ಇಂಗದೆ ನಿಂತರೆ ಇಬ್ಬರು ಮನುಷ್ಯರನ್ನು ಒಬ್ಬರ ಹೆಗಲ ಮೇಲೆ ಒಬ್ಬರು ನಿಲ್ಲಿಸಿದರೂ ಮುಳುಗಿಸುವಷ್ಟು ನೀರು. ಅದರಲ್ಲಿ ಹೆಚ್ಚಿನ ಪಾಲು ಜೂನಿನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ.

ಇನ್ನು ನಮ್ಮ ಮುರಕಲ್ಲು. ಅಗೆಯುವಾಗ ಮೆತ್ತಗೆ, ಗಾಳಿ ತಾಗಿದ ಮೇಲೆ ಗಟ್ಟಿ. ಸ್ಕಾಟ್ಲೆಂಡಿನ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ 1800-01ರಲ್ಲಿ ಮೈಸೂರು, ಕೆನರಾ, ಮಲಬಾರು ಸೀಮೆಗಳಲ್ಲಿ ಪ್ರಯಾಣ ಮಾಡಿದ. ಇಟ್ಟಿಗೆಯ ಹಾಗೆ ಕಡಿದು ಗೋಡೆ ಕಟ್ಟುವ ಈ ಕಲ್ಲನ್ನು ನೋಡಿ, 1807ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಅದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ಈ ಕಲ್ಲಿನ ತುಂಬ ತೂತು. ಜುಲೈಯಲ್ಲಿ ಬಾವಿಗೆ ಬಗ್ಗಿ ನೋಡಿ: ನೀರು ಮೇಲಿನಿಂದ ಬೀಳುವುದಕ್ಕಿಂತ ಬದಿಯ ಗೋಡೆಯಿಂದ ಒಸರುವುದೇ ಹೆಚ್ಚು. ನೆಲಮಾಳಿಗೆ ತೋಡಿದರೂ ಹಾಗೆಯೇ. ನಮಗೆ ತರಕಾರಿ ಕೋಣೆ ಸಿಗುವುದಿಲ್ಲ, ಇನ್ನೊಂದು ಬಾವಿ ಸಿಗುತ್ತದೆ.

ಬಂಟ್ವಾಳ ಪೇಟೆಯ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೇತ್ರಾವತಿಯ 1923ರ ನೆರೆಯ ಕತೆ ಕೇಳುತ್ತಾ ಬೆಳೆದವರು ನಾವು. 1974ರ ನೆರೆಯನ್ನು ಕಣ್ಣಾರೆ ಕಂಡೆವು. ಅಂಥ ಹೊತ್ತಿನಲ್ಲಿ ಜನ ಸಾಮಾನು ಎತ್ತಿದ್ದು ಮೇಲಕ್ಕೆ, ಅಟ್ಟಕ್ಕೆ. ನೆಲದಲ್ಲಿದ್ದದ್ದು ನದಿಯ ಪಾಲು.

ಎರಡೂ ಪ್ರಶ್ನೆಗೆ ಮಣ್ಣು ‘ಇಲ್ಲ’ ಎಂದೇ ಹೇಳಿತು. ಮೊಮ್ಮಗಳ ಮುಖ ಸಣ್ಣದಾಯಿತು. ಆದರೆ ಎಲ್ಲ ಮಣ್ಣೂ ಹೀಗೆಯೇ ಹೇಳುವುದಿಲ್ಲ.

ವಿಜಯಪುರದ ಹಗೇವು

ನಮ್ಮ ಕಡೆಯ ಬ್ಯಾಂಕಿನವರಿಗೆ ಎಲ್ಲೆಲ್ಲಿಗೋ ವರ್ಗ. ನನಗೆ ಒಮ್ಮೆ ವಿಜಯಪುರ ಜಿಲ್ಲೆಯ ಒಂದು ಹಳ್ಳಿಯ ಶಾಖೆಗೆ ಆಯಿತು. ಆಗ ಬಿಜಾಪುರ ಎನ್ನುತ್ತಿದ್ದರು. ಅಲ್ಲಿ ಮಳೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು, ನಮ್ಮ ಜುಲೈ ತಿಂಗಳೊಂದರಲ್ಲೇ ಅದಕ್ಕಿಂತ ಹೆಚ್ಚು ಸುರಿಯುತ್ತದೆ. ಒಬ್ಬ ರೈತರ ಮನೆಗೆ ಹೋದಾಗ ಅಂಗಳದಲ್ಲಿ ಒಂದು ಕಲ್ಲುಚಪ್ಪಡಿಯನ್ನು ಸರಿಸುತ್ತಿದ್ದರು. ಅದರ ಕೆಳಗೆ ಹಗೇವು.

ಹಗೇವು ಎಂದರೆ ಜೋಳ ತುಂಬಿಡುವ ನೆಲದಡಿಯ ಕಣಜ. ದೊಡ್ಡ ಗಡಿಗೆಯ ಆಕಾರ: ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಗೆ ಸುತ್ತಲೂ ಹುಲ್ಲು, ಕಣಿಕೆ ಹಾಸಿ ಒಣಗಿದ ಜೋಳ ತುಂಬುತ್ತಾರೆ. ಬಾಯಿಗೆ ಕಲ್ಲು ಇಟ್ಟು ಮಣ್ಣಿನಿಂದ ಮೆತ್ತುತ್ತಾರೆ. ಕಾಳು ಉಸಿರಾಡಿ ಒಳಗಿನ ಆಮ್ಲಜನಕ ಕಡಿಮೆಯಾಗುತ್ತದೆ. ಆಗ ಹುಳುಗಳಿಗೆ ಬದುಕಲು ಆಗುವುದಿಲ್ಲ.

ಹುಳುವಿಗೆ ಬದುಕಲು ಆಗದಲ್ಲಿ ಮನುಷ್ಯನಿಗೂ ಆಗುವುದಿಲ್ಲ. ಆ ರೈತರು ಬಾಯಿ ತೆರೆದು ಎಷ್ಟೋ ಹೊತ್ತು ಹಾಗೆಯೇ ಬಿಟ್ಟರು. ಆಮೇಲೆ ಹಗ್ಗಕ್ಕೆ ಕಟ್ಟಿ ಕಂದೀಲು ಇಳಿಸಿದರು. “ದೀಪ ಆರಿತಂದ್ರ ಯಾರೂ ಇಳಿಯೂದಿಲ್ರೀ” ಎಂದರು. ಮಕ್ಕಳೇ, ಮುಚ್ಚಿದ ಗುಂಡಿ, ಹಾಳು ಬಾವಿ, ತೊಟ್ಟಿ ಯಾವುದಕ್ಕೂ ಒಬ್ಬರೇ ಇಳಿಯಬಾರದು. ಒಳಗಿನ ಗಾಳಿ ಕೆಟ್ಟಿದೆ ಎಂಬುದು ಕಣ್ಣಿಗೂ ಕಾಣುವುದಿಲ್ಲ, ಮೂಗಿಗೂ ತಿಳಿಯುವುದಿಲ್ಲ.

ಅಲ್ಲಿಯ ನೆಲ ಒಣ. ಅಲ್ಲಿ ಇಡುವುದು ಒಣ ಕಾಳು. ಆದ್ದರಿಂದ ನೆಲ ಅವರಿಗೆ ದೀರ್ಘಾವಧಿ ಠೇವಣಿ. ನಮಗೆ ಹಾಗಲ್ಲ. ನಮ್ಮ ದೀರ್ಘಾವಧಿ ಠೇವಣಿ ಬೇರೆ ಕಡೆ ಇತ್ತು.

ಅಟ್ಟ ಎಂಬ ಉಗ್ರಾಣ

ನನ್ನ ಚಿಕ್ಕಂದಿನಲ್ಲಿ ಆಟಿ ತಿಂಗಳೆಂದರೆ ಕಷ್ಟದ ತಿಂಗಳು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ನಾಟಿ ಮುಗಿದಿರುತ್ತಿತ್ತು, ಹೊಸ ಬೆಳೆ ದೂರ. ತೋಡು ತುಂಬಿ ಪೇಟೆಗೆ ಹೋಗುವ ದಾರಿ ಮುಚ್ಚಿರುತ್ತಿತ್ತು. ಹೋದರೂ ಕೈಯಲ್ಲಿ ದುಡ್ಡು ಇರುತ್ತಿರಲಿಲ್ಲ. ಆಗ ಮನೆಯ ಎಂಟು ಹತ್ತು ಹೊಟ್ಟೆಗೆ ಗಂಜಿಯ ಜೊತೆ ಏನು ಎಂಬುದು ಬೇಸಿಗೆಯಲ್ಲೇ ತೀರ್ಮಾನ ಆಗಿರುತ್ತಿತ್ತು. ಅಮ್ಮ ದೀಪ ಹಿಡಿದು ಅಟ್ಟದ ಕಡೆ ನೋಡಿ ಎಣಿಸುವುದು ನನಗೆ ನೆನಪಿದೆ. ಇನ್ನು ಎಷ್ಟು ಸೌತೆಕಾಯಿ ಉಂಟು, ಎಷ್ಟು ಕುಂಬಳಕಾಯಿ ಉಂಟು ಎಂದು. ನಾನು ಮುಂದೆ ಬ್ಯಾಂಕಿನಲ್ಲಿ ದಿನದ ಕೊನೆಗೆ ನಗದು ಎಣಿಸುತ್ತಿದ್ದೆನಲ್ಲ, ಅದೇ ಗಂಭೀರ ಮುಖ.

ಪೇಟೆಯಲ್ಲಿ ಮಂಗಳೂರು ಸೌತೆ ಎಂದು ಮಾರುವ ಬಣ್ಣದ ಸೌತೆಯನ್ನು ನಾವು ತುಳುವಿನಲ್ಲಿ ‘ತೌತೆ’ ಎನ್ನುತ್ತೇವೆ. ಅದನ್ನು ಕಾಪಿಡುವ ಕ್ರಮ ಈಗಲೂ ನಮ್ಮ ಮನೆಯಲ್ಲಿ ಉಂಟು. ಅಟ್ಟದ ಮ್ಯಾನೇಜರ್ ನನ್ನ ಹೆಂಡತಿ. ನಾನು ಅಲ್ಲೂ ಗುಮಾಸ್ತನೇ. ಅವಳ ನಿಯಮಗಳು ಇವು:

ಕಾಯಿ ಪೂರ್ತಿ ಬೆಳೆದು ಬಣ್ಣ ತಿರುಗಿರಬೇಕು. ಎಳೆಯದನ್ನು ಇಡಬಾರದು, ಅದರ ಸಿಪ್ಪೆ ಇನ್ನೂ ಗಟ್ಟಿಯಾಗಿರುವುದಿಲ್ಲ.

ಕೊಯ್ಯುವಾಗ ತೊಟ್ಟು ಬಿಟ್ಟು ಕೊಯ್ಯಬೇಕು. ತೊಟ್ಟು ಕಿತ್ತ ಜಾಗ ಗಾಯ. ಕೊಳೆ ಅಲ್ಲಿಂದಲೇ ಒಳಗೆ ಹೋಗುತ್ತದೆ.

ನೀರಿನಲ್ಲಿ ತೊಳೆಯಬಾರದು, ಬೀಳಿಸಬಾರದು. ಬೂದುಗುಂಬಳದ ಮೇಲಿನ ಬಿಳಿ ಬೂದಿಯನ್ನು ಒರೆಸಬಾರದು. ಅದು ಕಾಯಿ ತಾನೇ ತೊಟ್ಟ ಮೇಣದ ಅಂಗಿ, ನೀರು ಹೊರಗೆ ಹೋಗದಂತೆ ತಡೆಯುತ್ತದೆ.

ಒಂದೆರಡು ದಿನ ನೆರಳಿನಲ್ಲಿ ಬಿಟ್ಟು, ಬಾಳೆನಾರಿನ ಅಥವಾ ತೆಂಗಿನ ಗರಿಯ ಕುಣಿಕೆ ಮಾಡಿ ಒಂದೊಂದನ್ನೇ ತೂಗುಹಾಕಬೇಕು. ಒಂದು ಇನ್ನೊಂದಕ್ಕೆ ತಾಗಬಾರದು. ಒಂದು ಕೊಳೆತರೆ ಅದರ ನೀರು ನೆಲಕ್ಕೆ ಬೀಳಬೇಕೇ ಹೊರತು ಪಕ್ಕದ ಕಾಯಿಯ ಮೇಲೆ ಅಲ್ಲ.

ವಾರಕ್ಕೊಮ್ಮೆ ಕಣ್ಣು ಮತ್ತು ಮೂಗು ಎರಡೂ ಹಿಡಿದುಕೊಂಡು ತಪಾಸಣೆ ಮಾಡಬೇಕು. ಮೆತ್ತಗಾದದ್ದು ಅದೇ ದಿನ ಕೊದ್ದೆಲ್ ಆಗಬೇಕು.

ಇದರ ಹಿಂದಿನ ವಿಜ್ಞಾನ ಸರಳ. ಇಲ್ಲಿ ಕಾಯಿಯನ್ನು ತಂಪು ಮಾಡುವ ಪ್ರಯತ್ನವೇ ಇಲ್ಲ. ತಂಪು ನಮ್ಮ ಬಳಿ ಇಲ್ಲ ಎಂದು ಒಪ್ಪಿಕೊಂಡು, ನೀರು ನಿಲ್ಲದ ಹಾಗೆ, ಗಾಳಿ ಆಡುವ ಹಾಗೆ ನೋಡಿಕೊಂಡರು. ಗಟ್ಟಿ ಸಿಪ್ಪೆಯ ಕಾಯಿಗಳನ್ನೇ ಆರಿಸಿಕೊಂಡರು. ಹಳೆಯ ಮನೆಯ ಅಡುಗೆ ಒಲೆಯ ಹೊಗೆ ಅಟ್ಟಕ್ಕೆ ಏರಿ ಹುಳುಹುಪ್ಪಟೆಗಳನ್ನು ದೂರ ಇಡುತ್ತಿತ್ತು. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಸುರು ಮಾಡಿದ ಮೇಲೆ ಕ್ರಮೇಣ ಹುಲ್ಲಿನ ಮಾಡಿನ ಜಾಗಕ್ಕೆ ಹಂಚಿನ ಮಾಡು ಬಂತು. ಹಂಚಿನ ಸಂದುಗಳಲ್ಲಿ ಬಿಸಿ ಗಾಳಿಯೂ ಹೊಗೆಯೂ ಹೊರಗೆ ಹೋಗುತ್ತದೆ, ಮಳೆ ಒಳಗೆ ಬರುವುದಿಲ್ಲ. ತಂಪು ದೇಶದವರ ಉಗ್ರಾಣ ಕೆಳಗೆ, ನಮ್ಮದು ಮೇಲೆ. ಬೇರೆ ಬೇರೆ ದಿಕ್ಕು, ಕೆಲಸ ಮಾತ್ರ ಒಂದೇ.

ನಾಲ್ಕು ತಿಂಗಳ ಠೇವಣಿ

“ಹಾಗಾದರೆ ನಮ್ಮ ನೆಲಕ್ಕೆ ಏನೂ ಕೊಡಲಿಕ್ಕೇ ಆಗುವುದಿಲ್ಲವಾ ಅಜ್ಜ?” ಎಂದು ಮೊಮ್ಮಗಳು ಕೇಳಿದಳು. ಅವಳ ಕೈಯಲ್ಲಿ ಇನ್ನೂ ಹಾರೆ ಇತ್ತು.

ಕೊಡಬಹುದು, ಆದರೆ ಅವಧಿ ನೋಡಿ ಕೊಡಬೇಕು. ಜನವರಿಯಿಂದ ಎಪ್ರಿಲ್‌ವರೆಗೆ ನಮ್ಮ ನೆಲವೂ ಒಣಗಿರುತ್ತದೆ. ಆ ನಾಲ್ಕು ತಿಂಗಳಿಗೆ ಹೇಳಿ ಮಾಡಿಸಿದ ಸಾಮಾನು ಒಂದಿದೆ: ಬಿತ್ತನೆಯ ಶುಂಠಿ. ಅದು ಜನವರಿ ಹೊತ್ತಿಗೆ ಬೆಳೆದು ಅಗೆಯಲು ಸಿಗುತ್ತದೆ. ಮತ್ತೆ ನೆಡುವುದು ಮೇ ತಿಂಗಳಲ್ಲಿ, ಮುಂಗಾರಿಗೆ ಮೊದಲಿನ ಮಳೆ ಬಿದ್ದಾಗ. ನಡುವಿನ ದಿನಗಳಲ್ಲಿ ಗೆಡ್ಡೆ ಒಣಗಿ ಸುರುಟಬಾರದು, ಕೊಳೆಯಲೂಬಾರದು.

ನಮಗೆ ಇದು ಬರೇ ಪ್ರಯೋಗ ಆಗಿರಲಿಲ್ಲ. ನನ್ನ ಹೆಂಡತಿ ಮದುವೆಯಾದ ಹೊಸತರಲ್ಲಿ ಮೂಡುಬಿದಿರೆಯ ತವರಿನಿಂದ ಸೆರಗಿನಲ್ಲಿ ಕಟ್ಟಿ ತಂದ ಶುಂಠಿ ತಳಿ ಅದು. ಗೆಡ್ಡೆ ಸಣ್ಣ, ಆದರೆ ಖಾರ ಮತ್ತು ಪರಿಮಳ ಜೋರು. ನಲವತ್ತು ವರ್ಷಕ್ಕಿಂತ ಹೆಚ್ಚು ಕಾಲ ನಮ್ಮ ಹಿತ್ತಿಲಿನಲ್ಲಿ ಬೆಳೆದಿದೆ. ಅವಳ ತವರಿನಲ್ಲಿ ಈಗ ಅದು ಇಲ್ಲ. ಅಲ್ಲಿ ತರಕಾರಿ ಸಾಲು ಇದ್ದ ಜಾಗದಲ್ಲಿ ರಬ್ಬರ್ ಬಂದಿದೆ. ಕಳೆದ ಮಳೆಗಾಲದಲ್ಲಿ ನಮ್ಮ ಸಾಲುಗಳಿಗೂ ಕೊಳೆರೋಗ ತಾಗಿತು. ಒಂದೇ ಒಂದು ಸಾಲು ಆರೋಗ್ಯವಾಗಿ ಉಳಿಯಿತು. ಅದರಿಂದ ಬೀಜಕ್ಕೆ ಆರಿಸಿದ್ದು 20 ಕಿಲೊ. ಅದು ಹೋದರೆ ತಳಿಯೇ ಹೋದ ಹಾಗೆ. “ಮಕ್ಕಳಾಟ ಮಾಡುವುದಾದರೆ ಬೇಡ” ಎಂದು ಹೆಂಡತಿ ಮೊದಲೇ ಹೇಳಿದಳು.

ಆದ್ದರಿಂದ ಕ್ರಮ ಪ್ರಕಾರ ಮಾಡಿದೆವು. ಶುಂಠಿಯ ಬಗ್ಗೆ ಕೆಲಸ ಮಾಡುವ ಕಲ್ಲಿಕೋಟೆಯ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯೂ ಬೀಜದ ಗೆಡ್ಡೆಗೆ ಗುಂಡಿಯನ್ನೇ ಹೇಳುತ್ತದೆ. ನೀವೂ ಹಿರಿಯರ ಜೊತೆ ಸೇರಿ ಮಾಡಬಹುದು. ಹೀಗೆ:

1. ಜಾಗ: ಬಯಲಿನಲ್ಲಿ ಬೇಡ. ಸೌದೆ ಕೊಟ್ಟಿಗೆ ಅಥವಾ ಶೆಡ್ಡಿನ ಒಳಗೆ, ಎತ್ತರದ ಕಡೆ, ಬಿಸಿಲು ನೀರು ಎರಡೂ ಬಾರದಲ್ಲಿ.

2. ಗುಂಡಿ: ಉದ್ದ 2 ಅಡಿ, ಅಗಲ 2 ಅಡಿ, ಆಳ ಒಂದೂವರೆ ಅಡಿ. 20 ಕಿಲೊಗೆ ಇಷ್ಟು ಧಾರಾಳ. ಇನ್ನೂ ಆಳ ಮಾಡುವ ಅಗತ್ಯ ಇಲ್ಲ. ಹಾರೆ ಹೊಡೆಯುವುದು ದೊಡ್ಡವರು, ಮಣ್ಣು ಎತ್ತುವುದು ಮಕ್ಕಳು.

3. ಗೋಡೆ: ಸೆಗಣಿ ನೀರನ್ನು ದಪ್ಪಗೆ ಕಲಸಿ ಒಳಗೆ ಸಾರಿಸಿ ಪೂರ್ತಿ ಒಣಗಲು ಬಿಡಬೇಕು. ನಾವು ಎರಡು ದಿನ ಬಿಟ್ಟೆವು.

4. ಗೆಡ್ಡೆ: ಗಾಯ ಇಲ್ಲದ, ಕೊಬ್ಬಿದ, ರೋಗ ಇಲ್ಲದ ಸಾಲಿನದ್ದು ಮಾತ್ರ. ಬೀಜೋಪಚಾರದ ಮದ್ದು ಹಾಕುವುದಿದ್ದರೆ ಅದು ಹಿರಿಯರ ಕೆಲಸ, ಮಕ್ಕಳು ಮುಟ್ಟಬಾರದು. ಹಾಗೆ ಮದ್ದು ಹಾಕಿದ ಗೆಡ್ಡೆಯನ್ನು ಅಡುಗೆಗೆ ಬಳಸಲೇಬಾರದು. ನೆರಳಿನಲ್ಲಿ ಆರಿಸಿದ ಮೇಲೆ ಗುಂಡಿಗೆ.

5. ಪದರ: ತಳದಲ್ಲಿ ಒಣ ಹೊಯ್ಗೆ ಒಂದು ಇಂಚು. ಅದರ ಮೇಲೆ ಒಂದು ಸಾಲು ಗೆಡ್ಡೆ. ಮತ್ತೆ ಒಂದು ಇಂಚು ಹೊಯ್ಗೆ. ಹೀಗೆ ನಾಲ್ಕು ಸಾಲು. ಹೊಯ್ಗೆ ಇಲ್ಲದವರು ಮರದ ಹುಡಿ ಬಳಸಬಹುದು. ಕೇರಳದವರು ಪಾಣಲ್ ಎಂಬ ಗಿಡದ ಸೊಪ್ಪನ್ನೂ ಹಾಸುತ್ತಾರೆ.

6. ಮೇಲೆ ಖಾಲಿ ಜಾಗ: ಕಂಠದವರೆಗೆ ತುಂಬಬಾರದು. ನಾಲ್ಕೈದು ಇಂಚು ಗಾಳಿಗೆ ಬಿಡಬೇಕು. ಮುಚ್ಚಲು ಹಲಗೆ. ಹಲಗೆಯಲ್ಲಿ ಸಣ್ಣ ತೂತುಗಳು ಇರಲಿ, ಇಲಿ ನುಗ್ಗುವಷ್ಟು ದೊಡ್ಡದು ಬೇಡ.

7. ತಪಾಸಣೆ: 20 ದಿನಕ್ಕೊಮ್ಮೆ ತೆಗೆದು ನೋಡಿ, ಕೊಳೆತದ್ದನ್ನೂ ಸುರುಟಿದ್ದನ್ನೂ ಬೇರೆ ಮಾಡಬೇಕು.

ಜನವರಿ ಕೊನೆಯಲ್ಲಿ ಇಟ್ಟೆವು. ಮೊದಲ ತಪಾಸಣೆಯ ದಿನ ಒಂದು ಮೂಲೆಯಲ್ಲಿ ನಾಲ್ಕೈದು ಗೆಡ್ಡೆ ಮೆತ್ತಗಾಗಿ ವಾಸನೆ ಬರುತ್ತಿತ್ತು. ಹೆಂಡತಿ ಮಾತಾಡಲಿಲ್ಲ. ಆ ಗೆಡ್ಡೆಗಳನ್ನೂ ಅವುಗಳ ಸುತ್ತಲಿನ ಹೊಯ್ಗೆಯನ್ನೂ ತೆಗೆದು ದೂರ ಹಾಕಿ, ಬಿಸಿಲಲ್ಲಿ ಒಣಗಿಸಿ ಆರಿಸಿದ ಹೊಸ ಹೊಯ್ಗೆ ತುಂಬಿದಳು. ಮುಂದಿನ ಸಲ ಕೊಳೆ ಹರಡಿರಲಿಲ್ಲ. ಅದರ ಮುಂದಿನ ಸಲವೂ ಇಲ್ಲ.

ಎಪ್ರಿಲ್ ಕೊನೆಯಲ್ಲಿ ಗುಂಡಿ ಖಾಲಿ ಮಾಡಿ ತೂಗಿದಾಗ ಬಂದದ್ದು 16 ಕಿಲೊ. ಮೊಮ್ಮಗಳು ಪುಸ್ತಕ ನೋಡಿದಳು. ತೆಗೆದು ಬಿಸಾಡಿದ್ದು 2 ಕಿಲೊ ಎಂದು ಬರೆದಿತ್ತು. “ಅಜ್ಜ, ಲೆಕ್ಕದಲ್ಲಿ 2 ಕಿಲೊ ಕಡಿಮೆ ಬರುತ್ತದೆ!” ಬ್ಯಾಂಕಿನಲ್ಲಾದರೆ ಆ ದಿನ ಯಾರೂ ಮನೆಗೆ ಹೋಗುವಂತಿಲ್ಲ. ಆದರೆ ಇದು ಕಳ್ಳತನ ಅಲ್ಲ, ಉಸಿರು. ಮೂರು ತಿಂಗಳು ಗೆಡ್ಡೆ ಉಸಿರಾಡಿ ನೀರಾವಿಯಾಗಿ ಬಿಟ್ಟದ್ದು ಅದು. ತಂಪಿನಲ್ಲಿ ಇಟ್ಟಿದ್ದರೆ ಕಡಿಮೆ ಹೋಗುತ್ತಿತ್ತು, ಬಯಲಿನಲ್ಲಿ ಇಟ್ಟಿದ್ದರೆ ಇನ್ನೂ ಹೆಚ್ಚು. ಉಳಿದ ಗೆಡ್ಡೆಗಳ ತುದಿಯಲ್ಲಿ ತಿಳಿಹಸಿರು ಮೊಳಕೆ ಕಾಣುತ್ತಿತ್ತು. ಒಂದು ಸೆಂಟ್ಸಿಗೆ ಸುಮಾರು 7 ಕಿಲೊ ಲೆಕ್ಕದಲ್ಲಿ ಎರಡು ಸೆಂಟ್ಸ್ ಜಾಗಕ್ಕೆ ಸಾಕಾಗಿ ಸ್ವಲ್ಪ ಮಿಕ್ಕಿತು. ಮಿಕ್ಕಿದ್ದನ್ನು ಹೆಂಡತಿ ಒಂದು ಚೀಲದಲ್ಲಿ ಕಟ್ಟಿ ಮೂಡುಬಿದಿರೆಗೆ ಕಳಿಸಿದಳು. ರಬ್ಬರಿನ ಬದಿಯಲ್ಲಿ ಒಂದು ಸಾಲಿಗೆ ಜಾಗ ಇದ್ದೇ ಇರುತ್ತದೆ ಎಂದು ಅಣ್ಣನಿಗೆ ಫೋನಿನಲ್ಲಿ ಹೇಳುತ್ತಿದ್ದಳು.

ಅಗೆಯದೆ ಬಿಡುವುದೂ ಒಂದು ಉಪಾಯ

ನೆಲದಲ್ಲಿ ಇಡುವುದಕ್ಕೆ ಇನ್ನೂ ಸುಲಭದ ದಾರಿ ಉಂಟು. ಕೆಸವು, ಸುವರ್ಣಗೆಡ್ಡೆಗಳನ್ನು ಎಲೆ ಒಣಗಿದ ಕೂಡಲೇ ಎಲ್ಲವನ್ನೂ ಅಗೆದು ತೆಗೆಯಬೇಕೆಂದಿಲ್ಲ. ಬೇಸಿಗೆಯ ಒಣ ಮಣ್ಣಿನಲ್ಲಿ ಅವು ನಿದ್ದೆ ಮಾಡುತ್ತವೆ. ಬೇಕಾದ ದಿನ ಬೇಕಾದಷ್ಟು ಅಗೆದರೆ ಸಾಕು. ಮಳೆ ಬಂದ ಮೇಲೆ ಮಾತ್ರ ಅವು ಎಚ್ಚರಾಗಿ ಮೊಳಕೆ ಬಿಡುತ್ತವೆ, ಅದಕ್ಕೆ ಮೊದಲೇ ತೆಗೆಯಬೇಕು.

ಹಲಸಿನ ಬೀಜದ ಕತೆ ಇನ್ನೊಂದು. ತುಳುವಿನಲ್ಲಿ ಪೆಲತ್ತರಿ. ಅದು ಒಣಗಿದರೆ ಕಲ್ಲಿನಂತಾಗುತ್ತದೆ, ಒದ್ದೆಯಾದರೆ ಮೊಳಕೆ ಬರುತ್ತದೆ. ಅದಕ್ಕೆ ಹಿಂದಿನವರು ಕೆಮ್ಮಣ್ಣು ಕಲಸಿ ಬೀಜಕ್ಕೆ ಮೆತ್ತಿ, ಮಳೆನೀರು ತಾಗದ ಕೊಟ್ಟಿಗೆಯ ಮೂಲೆಯಲ್ಲಿ ಅಥವಾ ಮನೆಯೊಳಗಿನ ಸಣ್ಣ ಗುಂಡಿಯಲ್ಲಿ ಮುಚ್ಚಿಡುತ್ತಿದ್ದರು. ಮಣ್ಣಿನ ಆ ಅಂಗಿಯೊಳಗೆ ಬೀಜದ ನೀರು ಬೇಗ ಆರುವುದಿಲ್ಲ. ಬೇಯಿಸಿ, ಉಪ್ಪು ಹಾಕಿ ಒಣಗಿಸಿದರೆ ಅದು ಸಾಂತಾಣಿ. ಮಳೆ ನೋಡುತ್ತಾ ಜಗಿಯಲು ಅದಕ್ಕಿಂತ ಒಳ್ಳೆಯ ತಿಂಡಿ ನನಗೆ ಗೊತ್ತಿಲ್ಲ. ಈಗ ಹಲ್ಲು ಒಪ್ಪುವುದಿಲ್ಲ, ಅಷ್ಟೆ.

ಹಲಸಿನ ಸೊಳೆಗೆ ಉಪ್ಪುನೀರು. ‘ಉಪ್ಪಡ್ ಪಚ್ಚಿಲ್’ ಎಂದರೆ ನಮ್ಮ ಕಡೆಯ ಅಜ್ಜಿಯಂದಿರ ಕಣ್ಣು ಅರಳುತ್ತದೆ. ಬಿಡಿಸಿದ ಸೊಳೆ, ಮೇಲಿಂದ ಮೇಲೆ ಉಪ್ಪು, ಭರಣಿ, ಮೇಲೆ ಒಂದು ಭಾರದ ಕಲ್ಲು. ಉಪ್ಪು ಹೆಚ್ಚಿದ್ದಲ್ಲಿ ಕೊಳೆಸುವ ಜೀವಾಣುಗಳು ಬೆಳೆಯುವುದಿಲ್ಲ. ಆಟಿಯಲ್ಲಿ ತೆಗೆದು ನೀರಿನಲ್ಲಿ ನೆನೆಸಿ ಉಪ್ಪು ಬಿಡಿಸಿದರೆ ಪಲ್ಯಕ್ಕೂ ಆಯಿತು, ರೊಟ್ಟಿಗೂ ಆಯಿತು.

ಈಗ ಯಾಕೆ ಬೇಕು ಇದೆಲ್ಲ?

ಪೇಟೆಯಲ್ಲಿ ಎಲ್ಲ ಸಿಗುತ್ತದಲ್ಲ ಎಂದು ಕೇಳಬಹುದು. ಸಿಗುತ್ತದೆ. ಆದರೆ ನಮ್ಮ ತಾಲೂಕುಗಳ ಅಂಗಡಿಯ ತರಕಾರಿಯಲ್ಲಿ ದೊಡ್ಡ ಪಾಲು ಘಟ್ಟದ ಮೇಲಿನಿಂದ ಲಾರಿಯಲ್ಲಿ ಇಳಿದು ಬರುತ್ತದೆ. 2019ರ ಆಗಸ್ಟ್ ತಿಂಗಳ ಮಳೆಗೆ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿತು. ಬೆಳ್ತಂಗಡಿ ತಾಲೂಕಿನ ಘಟ್ಟದ ಬುಡದಲ್ಲಿ ನನ್ನ ಅಕ್ಕನ ಮನೆ. ಅವರ ಕಡೆಗೆ ಹೋಗುವ ಸಣ್ಣ ಸೇತುವೆಯೂ ಹೋಗಿತ್ತು, ಕರೆಂಟಿಲ್ಲದೆ ಫ್ರಿಜ್ ಬರೇ ಕಬ್ಬಿಣದ ಕಪಾಟು ಆಗಿತ್ತು. ಫೋನು ಸಿಕ್ಕಿದ ದಿನ ನಾನು ಗಾಬರಿಯಲ್ಲಿ “ಊಟಕ್ಕೆ ಏನು ಮಾಡುತ್ತೀರಿ ಅಕ್ಕ?” ಎಂದು ಕೇಳಿದೆ. “ಅಟ್ಟದಲ್ಲಿ ಹನ್ನೊಂದು ಸೌತೆಕಾಯಿ ಉಂಟು, ಭರಣಿಯಲ್ಲಿ ಸೊಳೆ ಉಂಟು. ಪಕ್ಕದ ಮನೆಯವರಿಗೂ ಕೊಟ್ಟಿದ್ದೇನೆ. ನೀನು ಹೊಳೆ ದಾಟಿ ಬರುವ ಸಾಹಸ ಮಾಡಬೇಡ” ಎಂದಳು.

ತಾರಸಿ ಮನೆಯವರು ನಮಗೆ ಅಟ್ಟ ಎಲ್ಲಿ ಎಂದು ಕೈಬಿಡಬೇಡಿ. ಮೆಟ್ಟಿಲಿನ ಕೆಳಗೆ ಅಥವಾ ಶೀಟು ಹಾಕಿದ ಹಿಂಬದಿಯ ಜಗಲಿಯಲ್ಲಿ, ಮಳೆಯ ಎರಚಲು ಬಾರದ ಕಡೆ, ಒಂದು ಬಿದಿರು ಅಡ್ಡ ಕಟ್ಟಿದರೆ ಹತ್ತು ಸೌತೆಕಾಯಿಗೆ ಜಾಗ ಆಯಿತು. ಪೇಟೆಯಿಂದ ತಂದ ಬಟಾಟೆಗೆ ಕತ್ತಲೆ ಬೇಕು, ಬೆಳಕಿಗೆ ಅದು ಹಸಿರಾಗಿ ಕಹಿಯಾಗುತ್ತದೆ. ಹಸಿರಾದ ಭಾಗವನ್ನು ತಿನ್ನಬಾರದು. ನೀರುಳ್ಳಿಗೆ ಗಾಳಿ ಬೇಕು. ಎರಡನ್ನೂ ಒಂದೇ ಬುಟ್ಟಿಯಲ್ಲಿ ಹಾಕಬೇಡಿ.

ಸೊಪ್ಪು ಬಾಡದಂತೆ ಇಡುವ ಒಂದು ಉಪಾಯವೂ ಇದೆ. 1980ರ ದಶಕದಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ರೂಪಿಸಿದ, ಕರೆಂಟು ಬೇಡದ ತಂಪುಪೆಟ್ಟಿಗೆ ಅದು. ನೆಲದ ಮೇಲೆ ಇಟ್ಟಿಗೆಯ ಎರಡು ಸುತ್ತು ಗೋಡೆ, ನಡುವೆ ಮೂರು ಇಂಚು ಸಂದು, ಸಂದಿನಲ್ಲಿ ಹೊಯ್ಗೆ. ಬೆಳಿಗ್ಗೆ ಸಂಜೆ ಹೊಯ್ಗೆಗೆ ನೀರು ಹನಿಸಿದರೆ ಆ ನೀರು ಆರುವಾಗ ಒಳಗೆ ತಂಪಾಗುತ್ತದೆ, ಮಣ್ಣಿನ ಹೂಜಿಯ ಹಾಗೆ. ನಮ್ಮಲ್ಲಿ ಡಿಸೆಂಬರಿನಿಂದ ಮಾರ್ಚ್‌ವರೆಗೆ ಹರಿವೆ, ಬಸಳೆಗೆ ಇದು ಉಪಕಾರ. ಮಳೆಗಾಲದಲ್ಲಿ ಪ್ರಯೋಜನ ಇಲ್ಲ. ಹಗ್ಗದಲ್ಲಿ ಹಾಕಿದ ಬಟ್ಟೆಯೇ ಒಣಗದ ದಿನಗಳಲ್ಲಿ ಹೊಯ್ಗೆಯ ನೀರು ಎಲ್ಲಿ ಆರೀತು?

ಅಜ್ಜ ಅಜ್ಜಿಯಂದಿರೇ, ನಿಮಗೂ ಒಂದು ಮಾತು. ನಮಗೆ ಇದು ತೀರ ಸಾಮಾನ್ಯ ಸಂಗತಿ ಎಂದು ತೋರುತ್ತದೆ, ಹೇಳುವುದಕ್ಕೆ ಏನಿದೆ ಎನಿಸುತ್ತದೆ. ಆದರೆ ಬಾಳೆನಾರಿನ ಕುಣಿಕೆ ಹಾಕಲು ನಮ್ಮ ಮನೆಯಲ್ಲಿ ಮೊನ್ನೆಯವರೆಗೆ ಬರುತ್ತಿದ್ದದ್ದು ಒಬ್ಬಳಿಗೆ ಮಾತ್ರ. ಈಗ ಇಬ್ಬರಿಗೆ ಬರುತ್ತದೆ. ನಾನು ಇನ್ನೂ ಕಲಿಯುತ್ತಿದ್ದೇನೆ.

ಮಕ್ಕಳೇ, ಹಳೆಯ ನೋಟುಬುಕ್ಕಿನಲ್ಲಿ ಐದು ಗೆರೆ ಎಳೆಯಿರಿ: ಇಟ್ಟ ದಿನ, ಏನು, ಎಷ್ಟು, ಎಲ್ಲಿ, ತೆಗೆದ ದಿನ. ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದು ಕೊಳೆತದ್ದು ಎಷ್ಟು ಎಂದೂ ಬರೆಯಿರಿ, ಅದನ್ನು ಬಿಡಬೇಡಿ. ಎರಡು ಮಳೆಗಾಲ ಬರೆದರೆ ನಿಮ್ಮ ಮನೆಯ ಯಾವ ಮೂಲೆಯಲ್ಲಿ ಯಾವ ಕಾಯಿ ಎಷ್ಟು ದಿನ ನಿಲ್ಲುತ್ತದೆ ಎಂಬುದು ನಿಮಗೇ ತಿಳಿಯುತ್ತದೆ. ಯಾಕೆಂದರೆ ನಿಮ್ಮ ಮನೆಯ ಗಾಳಿ, ನೀರು, ಮಾಡು ನಿಮ್ಮದೇ. ಅದರ ಲೆಕ್ಕ ಯಾವ ವಿಡಿಯೊದಲ್ಲೂ ಸಿಗುವುದಿಲ್ಲ.